ನಮ್ಮ ಸ್ವಸ್ತಿಕ, ಅವರ ಸಾವು

ಪುಣೆ-ಸೋಲಾಪುರ ಹೆದ್ದಾರಿಯ ಕುರಕುಂಭದಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಿವೆ. ಖಂಡೇನವಮಿಯ ದಿನ ಅಲ್ಲಿ ಯಂತ್ರಗಳಿಗೂ ಟ್ಯಾಂಕರುಗಳ ಮುಖಕ್ಕೂ ಕುಂಕುಮದ ಸ್ವಸ್ತಿಕ ಬರೆಯುತ್ತಾರೆ. ಆಳಂದ, ಇಂಡಿ ಕಡೆಯಿಂದ ದುಡಿಯಲು ಹೋದ ಕನ್ನಡದವರೂ ಬರೆಯುತ್ತಾರೆ. ಅಪಘಾತವಾಗದಿರಲಿ, ಕೈಕಾಲು ನೆಟ್ಟಗಿರಲಿ, ಪಗಾರ ನಿಲ್ಲದಿರಲಿ ಎಂಬುದಷ್ಟೇ ಅದರ ಹಿಂದಿನ ಹಾರೈಕೆ. ಇದೇ ಆಕೃತಿಯನ್ನು ನಾಜಿ ಗುರುತಾಗಿ ಬರ್ಲಿನ್ನಿನ ಒಂದು ಗೋಡೆಯ ಮೇಲೆ ಬರೆದವನಿಗೆ ಜರ್ಮನಿಯ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ಸೆರೆವಾಸವಾಗಬಹುದು. ಈ ಎರಡನ್ನೂ ಇಂಗ್ಲಿಷ್ ಒಂದೇ ಹೆಸರಿನಿಂದ ಕರೆಯುತ್ತದೆ. ಯುರೋಪಿನ ಚರಿತ್ರೆಯನ್ನು ಇಂಗ್ಲಿಷಿನ ಮೂಲಕವೇ ಓದಿಕೊಂಡ ಕನ್ನಡವೂ ಹಾಗೆಯೇ ಕರೆಯುತ್ತ ಬಂದಿದೆ.

ಇದು ಸರಿಯಲ್ಲ ಎಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ವರ್ಷಗಳಿಂದ ವಾದ ನಡೆದಿದೆ. ನಾಜಿಗಳು ತಮ್ಮ ಚಿಹ್ನೆಯನ್ನು ಹಾಕೆನ್‌ಕ್ರೊಯ್ಟ್ಸ್ ಎಂದರು, ಅಂದರೆ ಕೊಕ್ಕೆಯುಳ್ಳ ಶಿಲುಬೆ. ಆ ಜರ್ಮನ್ ಪದವನ್ನೇ ಉಳಿಸಿಕೊಳ್ಳಿ, ನಮ್ಮ ಮಂಗಳದ ಪದವನ್ನು ಬಿಟ್ಟುಬಿಡಿ ಎಂಬುದು ಒಂದು ಪಕ್ಷದ ಬೇಡಿಕೆ. ಇಂಗ್ಲಿಷಿನ ಇತಿಹಾಸ ಗ್ರಂಥಗಳು ಸುಮಾರು ಒಂದು ಶತಮಾನದಿಂದ ಸ್ವಸ್ತಿಕ ಎಂದೇ ಬರೆದಿವೆ, ವಿಶ್ವಕೋಶದ ಕೆಲಸ ಬಳಕೆಯನ್ನು ದಾಖಲಿಸುವುದೇ ಹೊರತು ತಿದ್ದುವುದಲ್ಲ ಎಂಬುದು ಇನ್ನೊಂದು ಪಕ್ಷದ ಉತ್ತರ. ಸಂಬಳವಿಲ್ಲದೆ ದುಡಿಯುವ ಈ ಸಂಪಾದಕರ ನಡುವೆ ಜರ್ಮನ್ ಹೆಸರುಗಳ ಬಗ್ಗೆ ಜಗಳ ಹೊಸದೇನಲ್ಲ. ಬಾಲ್ಟಿಕ್ ಕಡಲ ದಂಡೆಯ ಒಂದು ಊರನ್ನು ದಾನ್‌ತ್ಸಿಗ್ ಎನ್ನಬೇಕೋ ಗ್ದಾನ್ಸ್ಕ್ ಎನ್ನಬೇಕೋ ಎಂದು ಕಿತ್ತಾಡಿ, ಕೊನೆಗೆ 2005ರಲ್ಲಿ ಮತಕ್ಕೆ ಹಾಕಿ, 1308ರಿಂದ 1945ರ ತನಕದ ಸಂಗತಿಗಳಿಗೆ ಜರ್ಮನ್ ಹೆಸರು, ಅದಕ್ಕೆ ಮೊದಲಿನ ಮತ್ತು ಆಮೇಲಿನ ಕಾಲಕ್ಕೆ ಪೋಲಿಷ್ ಹೆಸರು ಎಂದು ತೀರ್ಮಾನಿಸಿದರು. ಬೆಳಗಾವಿ, ಬೆಳಗಾಂವ್ ಎಂಬ ಎರಡು ಹೆಸರುಗಳ ನಡುವೆ ಬದುಕಿದ ನಮಗೆ ಈ ಜಗಳದ ಕಾವನ್ನು ಯಾರೂ ವಿವರಿಸಬೇಕಾಗಿಲ್ಲ.

ಸ್ವಸ್ತಿಕದ ಬೇಡಿಕೆಯಲ್ಲಿ ನ್ಯಾಯವಿದೆ. ಮನೆಯ ಮುಂದೆ ರಂಗೋಲಿ ಹಾಕಿದ ಹೆಂಗಸು ತಾನು ನಾಜಿ ಅಲ್ಲವೆಂದು ನೆರೆಹೊರೆಗೆ ಸಾಬೀತುಪಡಿಸಬೇಕಾದ ಸ್ಥಿತಿ ಬರುವುದು ಅವಮಾನವೇ. ಇದನ್ನು ಕಾನೂನು ಮಾಡುವವರೂ ಒಪ್ಪಿದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2022ರಲ್ಲಿ ನಾಜಿ ಚಿಹ್ನೆಯ ಸಾರ್ವಜನಿಕ ಪ್ರದರ್ಶನವನ್ನು ನಿಷೇಧಿಸಿದಾಗ ಕಾಯಿದೆಯಲ್ಲಿ ಹಾಕೆನ್‌ಕ್ರೊಯ್ಟ್ಸ್ ಎಂದೇ ಬರೆದು, ಹಿಂದೂ, ಬೌದ್ಧ, ಜೈನರ ಧಾರ್ಮಿಕ ಬಳಕೆಯನ್ನು ಹೊರಗಿಟ್ಟಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಕಾಯಿದೆಯೂ ಆ ಜರ್ಮನ್ ಪದವನ್ನೇ ಬಳಸಿತು. ಅದಕ್ಕೂ ಮೊದಲೇ, 2008ರಲ್ಲಿ, ಜೆರುಸಲೇಮಿನಲ್ಲಿ ಸೇರಿದ ಹಿಂದೂ ಮತ್ತು ಯೆಹೂದಿ ಧರ್ಮನಾಯಕರ ಸಭೆ ಹಿಂದೂಗಳಿಗೆ ಸ್ವಸ್ತಿಕ ಪ್ರಾಚೀನವೂ ಮಂಗಳಕರವೂ ಆದ ಚಿಹ್ನೆಯೆಂದು ಒಪ್ಪಿಕೊಂಡಿತ್ತು. ಆ ಚಿಹ್ನೆಯ ನೆರಳಿನಲ್ಲಿ ತಮ್ಮ ಜನರನ್ನು ಕಳೆದುಕೊಂಡವರು ನಮ್ಮ ಅರ್ಥವನ್ನು ಕೇಳಿಸಿಕೊಳ್ಳುವ ಔದಾರ್ಯ ತೋರಿಸಿದ್ದಾರೆ. ಇದನ್ನು ನೆನಪಿಟ್ಟುಕೊಂಡೇ ಮುಂದಿನ ಮಾತಿಗೆ ಹೋಗಬೇಕು.

ಬೇಡಿಕೆ ನ್ಯಾಯವಾಗಿದ್ದರೂ ಅದಕ್ಕೆ ಕೊಡುವ ಆಧಾರಗಳೆಲ್ಲ ನಿಜವಾಗಿಲ್ಲ. ಹಿಟ್ಲರನ ಆತ್ಮಕಥನವನ್ನು 1939ರಲ್ಲಿ ಇಂಗ್ಲಿಷಿಗೆ ತಂದ ಜೇಮ್ಸ್ ಮರ್ಫಿ ಕ್ರೈಸ್ತಮತವನ್ನು ಕಾಪಾಡಲೆಂದೇ ಶಿಲುಬೆಯನ್ನು ಅಳಿಸಿ ಸ್ವಸ್ತಿಕವನ್ನು ತಂದಿಟ್ಟ ಎಂಬ ಕಥೆ ಬಹಳ ಓಡಾಡುತ್ತದೆ. ಆದರೆ 1935ರ ಸೆಪ್ಟೆಂಬರ್ 15ರಂದು ಜರ್ಮನಿ ಆ ಚಿಹ್ನೆಯ ಧ್ವಜವನ್ನು ಏಕೈಕ ರಾಷ್ಟ್ರಧ್ವಜವಾಗಿ ಮಾಡಿಕೊಂಡಾಗಲೇ ಇಂಗ್ಲಿಷ್ ಪತ್ರಿಕೆಗಳು ಸ್ವಸ್ತಿಕ ಎಂಬ ಪದವನ್ನು ಬಳಸುತ್ತಿದ್ದವು. ಇನ್ನೂ ಹಿಂದೆ ಹೋದರೆ, ಟ್ರಾಯ್ ನಗರದ ಅವಶೇಷಗಳನ್ನು ಅಗೆದ ಹೈನ್ರಿಖ್ ಶ್ಲೀಮನ್ 1880ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮ್ಯಾಕ್ಸ್ ಮುಲ್ಲರ್ ಈ ಬಗ್ಗೆಯೇ ಎಚ್ಚರಿಸಿದ್ದರು. ಸ್ವಸ್ತಿಕ ಭಾರತದಲ್ಲಿ ಹುಟ್ಟಿದ ಪದ, ಅದಕ್ಕೆ ಅಲ್ಲಿಯದೇ ಇತಿಹಾಸ ಮತ್ತು ಅರ್ಥ ಇದೆ, ಬೇರೆ ನಾಡುಗಳಲ್ಲಿ ಸಿಕ್ಕ ಆಕೃತಿಗಳಿಗೆ ಆ ಹೆಸರಿಡುವುದು ತಮಗೆ ಒಪ್ಪಿಗೆಯಿಲ್ಲ ಎಂಬುದು ಅವರ ನಿಲುವಾಗಿತ್ತು. ಅಂದರೆ ಇಂದು ನಮ್ಮವರು ಎತ್ತುವ ತಕರಾರನ್ನು ಜರ್ಮನ್ ವಿದ್ವಾಂಸರೊಬ್ಬರು, ನಾಜಿ ಪಕ್ಷ ಹುಟ್ಟುವುದಕ್ಕೆ ನಲವತ್ತು ವರ್ಷ ಮೊದಲೇ ಎತ್ತಿದ್ದರು. ಯಾರೂ ಕೇಳಲಿಲ್ಲ.

ನಮ್ಮದು ನೇರ, ಅವರದು ಓರೆ ಎಂಬ ಇನ್ನೊಂದು ವಾದವೂ ನಿಲ್ಲುವುದಿಲ್ಲ. ಹಿಟ್ಲರನ ಸ್ವಂತ ಧ್ವಜದಲ್ಲಿ ಆ ಆಕೃತಿ ನೇರವಾಗಿಯೇ ನಿಂತಿತ್ತು. ಎಲ್ಲಕ್ಕಿಂತ ಕಷ್ಟದ ಸಂಗತಿ ಬೇರೆಯೇ ಇದೆ. ಆ ಚಿಹ್ನೆ ಜರ್ಮನಿಯ ಜನಾಂಗವಾದಿ ಸಂಘಗಳ ಕೈಗೆ ಬಂದದ್ದು ಆರ್ಯ ಜನಾಂಗವೆಂಬ ಕಲ್ಪನೆಯ ದಾರಿಯಿಂದ. ಆರ್ಯ ಎಂಬ ಪದವನ್ನು ಅವರು ಎತ್ತಿಕೊಂಡದ್ದು ಸಂಸ್ಕೃತ ಅಧ್ಯಯನದಿಂದ. ನಾವು ಅವರಿಗೆ ಏನನ್ನೂ ಕೊಡಲಿಲ್ಲ, ಅವರ ಪಾಪದಲ್ಲಿ ನಮಗೆ ಪಾಲಿಲ್ಲ. ಆದರೂ ಎರಡರ ನಡುವೆ ಸಂಬಂಧವೇ ಇಲ್ಲ ಎಂದು ಬರೆದರೆ ಅದು ಇತಿಹಾಸವಾಗುವುದಿಲ್ಲ. ಜರ್ಮನ್ ವಿಕಿಪೀಡಿಯದಲ್ಲಿ ಸ್ವಸ್ತಿಕಕ್ಕೊಂದು, ಹಾಕೆನ್‌ಕ್ರೊಯ್ಟ್ಸ್‌ಗೊಂದು ಎಂದು ಎರಡು ಲೇಖನಗಳಿವೆ. ಕನ್ನಡದಲ್ಲೂ ಹಾಗೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ಒಂದು ಷರತ್ತು: ಎರಡನೆಯ ಲೇಖನದ ಆರಂಭದಲ್ಲಿಯೇ ಅದು ಅದೇ ಆಕೃತಿಯೆಂದೂ ಯಾವ ದಾರಿಯಿಂದ ಅಲ್ಲಿಗೆ ಹೋಯಿತೆಂದೂ ಹೇಳಬೇಕು.

ಇಷ್ಟಕ್ಕೇ ನಿಂತರೆ ನಮ್ಮ ವಾದ ಸ್ವಾಭಿಮಾನದ ವಾದವಾಗಿ ಉಳಿಯುತ್ತದೆ, ನ್ಯಾಯದ ವಾದವಾಗುವುದಿಲ್ಲ. ತಪ್ಪು ಹೆಸರಿನಿಂದ ನಮಗೆ ನೋವಾಗುತ್ತದೆ ಎಂದು ಹೇಳುವ ನಾವು ಬೇರೆಯವರಿಗೆ ತಪ್ಪು ಹೆಸರಿಡುವಾಗ ಅದೇ ಎಚ್ಚರ ತೋರಿಸುತ್ತೇವೆಯೇ? ನನ್ನ ಅನುಮಾನವಿರುವುದು ಇಲ್ಲಿ. ಸ್ವಸ್ತಿಕದ ಬಗ್ಗೆ ಗಂಟೆಗಟ್ಟಲೆ ವಾದಿಸುವ ನಾವು, ನಾಜಿ ಆಡಳಿತದ ಬೇರೆ ಪದಗಳು ನಮ್ಮ ಭಾಷೆಗೆ ಹೇಗೆ ಬರುತ್ತಿವೆ ಎಂದು ನೋಡುವುದಿಲ್ಲ. ಅಲ್ಲಿ ಹೋಗುವ ಮಾನ ನಮ್ಮದಲ್ಲ.

ನಾಜಿ ಆಡಳಿತ ಕೊಲೆಯನ್ನು ಕೊಲೆ ಎಂದು ಕರೆಯದೆ ಇರುವುದರಲ್ಲಿ ಪಳಗಿತ್ತು. 1938ರ ನವೆಂಬರ್ 9ರ ರಾತ್ರಿ ಸಾವಿರದ ನಾನೂರಕ್ಕೂ ಹೆಚ್ಚು ಯೆಹೂದಿ ಪ್ರಾರ್ಥನಾಮಂದಿರಗಳಿಗೆ ಬೆಂಕಿ ಬಿತ್ತು, ಸುಮಾರು 30,000 ಗಂಡಸರನ್ನು ಹಿಡಿದು ಶಿಬಿರಗಳಿಗೆ ಸಾಗಿಸಿದರು. ಅದಕ್ಕೆ ಉಳಿದ ಹೆಸರು ಸ್ಫಟಿಕದ ರಾತ್ರಿ, ಒಡೆದ ಗಾಜಿನ ಹೊಳಪಿನ ಮೇಲಿಂದ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನದ ಶೀರ್ಷಿಕೆ ಈಗಲೂ ಅದೇ, ಕ್ರಿಸ್ಟಾಲ್‌ನಾಖ್ಟ್. ಜರ್ಮನ್ನರು ತಮ್ಮ ವಿಕಿಪೀಡಿಯದಲ್ಲಿ ಆ ಪದವನ್ನು ಶೀರ್ಷಿಕೆಯಾಗಿಸದೆ 1938ರ ನವೆಂಬರ್ ನರಮೇಧಗಳು ಎಂಬ ಅರ್ಥದ ಹೆಸರು ಇಟ್ಟಿದ್ದಾರೆ. ಕೊಲ್ಲುವುದಕ್ಕೆ ವಿಶೇಷ ಉಪಚಾರ ಎಂಬ ಪದವೂ ಇತ್ತು. 1943ರಲ್ಲಿ ಎಸ್ಎಸ್ ಪಡೆಯ ಮುಖ್ಯಸ್ಥ ಹಿಮ್ಲರನಿಗಾಗಿ ಕೊರ್‌ಹೆರ್ ಎಂಬ ಅಂಕಿಅಂಶ ತಜ್ಞ ಯೆಹೂದಿಗಳ ಲೆಕ್ಕದ ವರದಿ ಸಿದ್ಧಪಡಿಸಿದಾಗ, ಆ ಮರೆಮಾಚುವ ಪದವೂ ಎಲ್ಲರಿಗೂ ಅರ್ಥವಾಗಿಬಿಟ್ಟಿದೆ ಎಂದೋ ಏನೋ, ಅದನ್ನು ಕೂಡ ತೆಗೆಯುವಂತೆ ಹಿಮ್ಲರ್ ಹೇಳಿದ.

ಕನ್ನಡಕ್ಕೆ ಇವುಗಳಲ್ಲಿ ಅತಿ ಕಷ್ಟದ್ದು ಇನ್ನೊಂದು ಪದ. 1939ರ ಅಕ್ಟೋಬರಿನಲ್ಲಿ ಹಿಟ್ಲರ್ ತನ್ನ ಖಾಸಗಿ ಹಾಳೆಯ ಮೇಲೆ ಒಂದು ಅಪ್ಪಣೆಗೆ ಸಹಿ ಮಾಡಿ, ಯುದ್ಧ ಶುರುವಾದ ಸೆಪ್ಟೆಂಬರ್ 1ರ ತಾರೀಖು ಹಾಕಿದ. ಗುಣವಾಗದ ರೋಗಿಗಳಿಗೆ ಗ್ನಾಡೆನ್‌ಟೋಡ್ ದಯಪಾಲಿಸುವ ಅಧಿಕಾರವನ್ನು ಕೆಲವು ವೈದ್ಯರಿಗೆ ಕೊಡಬಹುದು ಎಂಬುದು ಅದರ ಸಾರ. ಗ್ನಾಡೆ ಎಂದರೆ ದಯೆ, ಟೋಡ್ ಎಂದರೆ ಮರಣ. ಅಕ್ಷರಕ್ಕೆ ಅಕ್ಷರ ಸೇರಿಸಿದರೆ ಸಿಗುವ ಕನ್ನಡ ಪದ ದಯಾಮರಣ. ಆ ಅಪ್ಪಣೆಯಂತೆ ಹುಚ್ಚಾಸ್ಪತ್ರೆಗಳಿಂದಲೂ ಆಶ್ರಯಧಾಮಗಳಿಂದಲೂ ಬುದ್ಧಿಮಾಂದ್ಯರನ್ನು, ಮೂರ್ಛೆರೋಗಿಗಳನ್ನು, ಮನೋರೋಗಿಗಳನ್ನು ಬಸ್ಸುಗಳಲ್ಲಿ ತುಂಬಿ ಗ್ರಾಫೆನೆಕ್, ಬ್ರಾಂಡೆನ್‌ಬುರ್ಗ್, ಹಾರ್ಟ್‌ಹೈಮ್, ಸೊನ್ನೆನ್‌ಸ್ಟೈನ್, ಬೆರ್ನ್‌ಬುರ್ಗ್, ಹಾದಮಾರ್ ಎಂಬ ಆರು ಕಡೆ ವಿಷಾನಿಲದ ಕೋಣೆಗಳಿಗೆ ದೂಡಿದರು. ಮನೆಯವರಿಗೆ ಸುಳ್ಳು ಕಾರಣ ಬರೆದ ಮರಣಪತ್ರ ಹೋಗುತ್ತಿತ್ತು. 1941ರ ಆಗಸ್ಟ್ ತನಕ ಸತ್ತವರು 70,273 ಮಂದಿ ಎಂದು ಕೊಂದವರೇ ಲೆಕ್ಕ ಬರೆದಿಟ್ಟಿದ್ದಾರೆ. ಇಂಥ ಒಂದು ಹಾಸಿಗೆಯನ್ನು ಖಾಲಿ ಮಾಡಿದರೆ ಎಷ್ಟು ಬ್ರೆಡ್ಡು, ಎಷ್ಟು ಬೆಣ್ಣೆ ಉಳಿಯುತ್ತದೆ ಎಂಬ ಲೆಕ್ಕವೂ ಅದೇ ಕಡತದಲ್ಲಿದೆ. ಆ ತಿಂಗಳು ಮ್ಯೂನ್‌ಸ್ಟರಿನ ಬಿಷಪ್ ಫಾನ್ ಗಾಲೆನ್ ಪ್ರವಚನಪೀಠದಿಂದಲೇ ಇದನ್ನು ಕೊಲೆ ಎಂದು ಹೆಸರಿಸಿ ಖಂಡಿಸಿದರು. ಆಮೇಲೆ ಅನಿಲ ನಿಂತಿತು. ಹಸಿವು ಮತ್ತು ಚುಚ್ಚುಮದ್ದಿನಿಂದ ಕೊಲ್ಲುವುದು ಯುದ್ಧ ಮುಗಿಯುವವರೆಗೂ ನಡೆಯಿತು. ಅನಿಲದ ಕೆಲಸ ಕಲಿತ ಸಿಬ್ಬಂದಿಯಲ್ಲಿ ಅನೇಕರು ಮುಂದೆ ಸೋಬಿಬೋರ್, ಟ್ರೆಬ್ಲಿಂಕಾ ಶಿಬಿರಗಳಿಗೆ ಹೋದರು.

ಈಗ ಇದೇ ದಯಾಮರಣ ಎಂಬ ಪದ ಕನ್ನಡದ ಮನೆಗಳಿಗೆ ಬಂದ ಬಗೆಯನ್ನು ನೋಡಿ. ಹೊನ್ನಾವರದ ಹತ್ತಿರದ ಹಳದೀಪುರದಿಂದ ಮುಂಬಯಿಯ ಕೆಇಎಂ ಆಸ್ಪತ್ರೆಗೆ ನರ್ಸ್ ಆಗಿ ಹೋದ ಅರುಣಾ ಶಾನಭಾಗ್ 1973ರ ನವೆಂಬರಿನಲ್ಲಿ ಅಲ್ಲಿಯೇ ಅತ್ಯಾಚಾರಕ್ಕೆ ಒಳಗಾದರು. ಕುತ್ತಿಗೆಗೆ ಬಿಗಿದ ಸರಪಳಿಯಿಂದ ಮಿದುಳಿಗೆ ಪೆಟ್ಟಾಗಿ ನಲವತ್ತೊಂದು ವರ್ಷ ಹಾಸಿಗೆಯಲ್ಲೇ ಉಳಿದರು. ಅವರ ಪರವಾಗಿ ದಯಾಮರಣ ಕೋರಿ ಬಂದ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿತಾದರೂ, ಚಿಕಿತ್ಸೆಯನ್ನು ಹಿಂತೆಗೆಯುವ ಪರೋಕ್ಷ ದಯಾಮರಣಕ್ಕೆ ಹೈಕೋರ್ಟಿನ ನಿಗಾದಲ್ಲಿ ದಾರಿ ತೆರೆಯಿತು. ಅವರನ್ನು ಆರೈಕೆ ಮಾಡುತ್ತಿದ್ದ ಕೆಇಎಂನ ದಾದಿಯರು ಅರ್ಜಿಯನ್ನು ವಿರೋಧಿಸಿದ್ದರು. 2015ರ ಮೇ 18ರಂದು ಅರುಣಾ ತೀರಿಕೊಂಡರು. 2018ರಲ್ಲಿ ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗವೆಂದು ಸಂವಿಧಾನ ಪೀಠ ಹೇಳಿತು. 2025ರ ಜನವರಿ 30ರಂದು ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಈ ಚರ್ಚೆಯಲ್ಲಿ ಯಾವ ಪಕ್ಷದಲ್ಲಿ ನಿಂತರೂ, ಎಲ್ಲರ ಕಣ್ಣ ಮುಂದೆ ಇದ್ದದ್ದು ಒಬ್ಬ ರೋಗಿಯ ನೋವು, ಆಕೆಯ ಇಚ್ಛೆ, ಆಕೆಯ ಮಾನ. ಆ ಪದದಲ್ಲಿರುವ ದಯೆ ನಿಜವಾದದ್ದು.

ಹಾದಮಾರಿನಂಥ ಕಡೆಗಳಲ್ಲಿ ಕೊಲ್ಲಲ್ಪಟ್ಟವರ ಬಗ್ಗೆ ಬರೆಯುವಾಗಲೂ ನಿಘಂಟು ತೆರೆದವರ ಕೈಗೆ ಮೊದಲು ಸಿಗುವುದು ಇದೇ ಪದ. ಅದನ್ನು ಬಳಸಿದರೆ ಎರಡು ಅನ್ಯಾಯ ಒಟ್ಟಿಗೆ ಆಗುತ್ತವೆ. ಬದುಕಲು ಬಯಸಿದ, ಯಾರೂ ಒಪ್ಪಿಗೆ ಕೇಳದ ಎಪ್ಪತ್ತು ಸಾವಿರ ಜನರ ಕೊಲೆ, ಕೊಲೆಗಾರನೇ ಇಟ್ಟ ಹೆಸರನ್ನು ಹೊತ್ತು ಕನ್ನಡಕ್ಕೆ ಬರುತ್ತದೆ. ಇತ್ತ, ಹಾಸಿಗೆಯಲ್ಲಿ ನರಳುವ ತಂದೆಯ ಬಗ್ಗೆ ವೈದ್ಯರೊಡನೆ ಮಾತಾಡುವ ಮಗಳ ಪದಕ್ಕೆ ವಿಷಾನಿಲದ ವಾಸನೆ ಅಂಟುತ್ತದೆ. ಜರ್ಮನ್ನರಿಗೆ ಇದು ಅನುಭವದಿಂದ ಗೊತ್ತಾಗಿದೆ. ಅವರು ಇಂದಿನ ಆಸ್ಪತ್ರೆಯ ಚರ್ಚೆಗೆ ಸಾಯಲು ನೆರವು ಎಂಬ ಅರ್ಥದ ಬೇರೆ ಪದವನ್ನೇ ಬಳಸುತ್ತಾರೆ, ಹಳೆಯ ಪದವನ್ನು ನಾಜಿ ಕೃತ್ಯಕ್ಕೆ ಬರೆಯುವಾಗ ಉದ್ಧರಣ ಚಿಹ್ನೆಯೊಳಗೆ ಇಡುತ್ತಾರೆ.

ತಟಸ್ಥವಾಗಿರಬೇಕಾದ ವಿಶ್ವಕೋಶ ನೈತಿಕ ತೀರ್ಪು ಕೊಡಬಾರದಲ್ಲವೇ ಎಂದು ಒಬ್ಬ ಗಂಭೀರ ಸಂಪಾದಕ ಕೇಳಬಹುದು. ಕೇಳಬೇಕು ಕೂಡ. ನನ್ನ ಉತ್ತರ ಇಷ್ಟು: ಎರಡು ಪಕ್ಷಗಳ ನಡುವೆ ಒಂದು ಪಕ್ಷದ ಪದವನ್ನು ಆರಿಸಿಕೊಂಡರೆ ತಾಟಸ್ಥ್ಯ ಆಗಲೇ ಮುರಿದಿರುತ್ತದೆ. ಕೊಲ್ಲಲ್ಪಟ್ಟವರು ಅದಕ್ಕೆ ಹೆಸರಿಡುವ ಸ್ಥಿತಿಯಲ್ಲಿ ಇರಲಿಲ್ಲ, ಆದ್ದರಿಂದ ದಾಖಲೆಗಳಲ್ಲಿ ಉಳಿದದ್ದು ಒಂದೇ ಕಡೆಯ ಪದ. ಒಪ್ಪಿಗೆಯಿಲ್ಲದೆ ಜೀವ ತೆಗೆಯುವುದನ್ನು ಕೊಲೆ ಎನ್ನುವುದಕ್ಕೆ ಭಾವಾವೇಶ ಬೇಕಾಗಿಲ್ಲ, ಅದು ವರ್ಣನೆ. ಇತಿಹಾಸಕಾರರೂ ಇಂದು ಹಾಗೆಯೇ ಬರೆಯುತ್ತಾರೆ, ಹಾಗಾಗಿ ಆಕರಗಳನ್ನು ಅನುಸರಿಸಬೇಕೆಂಬ ನಿಯಮಕ್ಕೂ ಭಂಗವಿಲ್ಲ. ಓದುಗರು ಹಳೆಯ ಪದ ಹಾಕಿ ಹುಡುಕಿದರೆ ಲೇಖನ ಸಿಗುವುದಿಲ್ಲ ಎಂಬ ಆಕ್ಷೇಪ ತಾಂತ್ರಿಕವಾದದ್ದು. ಪುನರ್ನಿರ್ದೇಶನ ಎಂಬ ಸೌಲಭ್ಯ ಇರುವುದೇ ಅದಕ್ಕೆ.

ಯುರೋಪಿನ ಹಳೆಯ ಸಂಗತಿ ನಮಗೇಕೆ ಎನ್ನುವವರಿಗೆ ಹೇಳಬೇಕಾದ್ದು ಹೆಚ್ಚಿದೆ. 2006ರಲ್ಲಿ ನವಿ ಮುಂಬಯಿಯ ಖಾರಘರದಲ್ಲಿ ಹಿಟ್ಲರನ ಹೆಸರಿನ ಹೋಟೆಲೊಂದು ನಾಜಿ ಚಿಹ್ನೆಯ ಫಲಕದೊಂದಿಗೆ ತೆರೆಯಿತು. ಯೆಹೂದಿಗಳು ಬಂದು ಪ್ರತಿಭಟಿಸಿದ ಮೇಲೆ ಹೆಸರು ಬದಲಾಯಿತು. 2021ರಿಂದ ಕನ್ನಡದ ಕಿರುತೆರೆಯಲ್ಲಿ ಹಿಟ್ಲರ್ ಕಲ್ಯಾಣ ಎಂಬ ಧಾರಾವಾಹಿ ವರ್ಷಗಟ್ಟಲೆ ಬಂತು, ಮನೆಮಂದಿಯೆಲ್ಲ ಕೂತು ನೋಡಿದರು. ಸ್ವಲ್ಪ ಗಡುಸಾಗಿರುವ ಅಪ್ಪ ಅಥವಾ ಹೆಡ್‌ಮಾಸ್ತರು ನಮಗೆ ಹಿಟ್ಲರ್. ಯಾರಲ್ಲೂ ಕೇಡಿನ ಉದ್ದೇಶವಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬರ್ಲಿನ್ನಿನ ಗೋಡೆಯ ಮೇಲೆ ಬರೆದವನ ಉದ್ದೇಶವನ್ನೂ ಕುರಕುಂಭದ ಕಾರ್ಮಿಕನ ಉದ್ದೇಶವನ್ನೂ ಬೇರೆಬೇರೆಯಾಗಿ ನೋಡಿ ಎಂದು ಜಗತ್ತನ್ನು ಕೇಳುವ ನಾವು, ನಮ್ಮ ಮಾತು ಬೇರೆಯವರ ಕಿವಿಗೆ ಹೇಗೆ ಬೀಳುತ್ತದೆ ಎಂಬುದನ್ನೂ ಯೋಚಿಸಬೇಕಾಗುತ್ತದೆ. ಧ್ವಜದ ಕಾಯಿದೆ ಬಂದ ಅದೇ 1935ರ ಸೆಪ್ಟೆಂಬರ್ 15ರಂದು ಜರ್ಮನ್ ರಕ್ತ ಮತ್ತು ಮಾನದ ರಕ್ಷಣೆಗೆಂದು ಯೆಹೂದಿಗಳೊಡನೆ ಮದುವೆಯನ್ನು ನಿಷೇಧಿಸುವ ಕಾಯಿದೆಯೂ ಬಂತು. ಅದನ್ನು ರಕ್ತಶುದ್ಧಿ, ಜನಾಂಗಶುದ್ಧಿ ಎಂದು ಕನ್ನಡಕ್ಕೆ ತಂದರೆ ಹೊಲಸು ಕಾಣುವುದಿಲ್ಲ. ಶುದ್ಧಿ ನಮ್ಮಲ್ಲಿ ಗೌರವದ ಪದ. ಜನಾಂಗ ಎಂಬುದನ್ನು ನಾವು ಜಾತಿಗೂ ಬಳಸುತ್ತೇವೆ, ಜನಾಂಗದೊಳಗೇ ಮದುವೆಯಾಗುವುದನ್ನು ಮರ್ಯಾದೆ ಎನ್ನುತ್ತೇವೆ. ಆ ಕಾಯಿದೆ ನಮಗೆ ತೀರ ಪರಕೀಯವಾಗಿ ಕೇಳಿಸದಿರುವುದೇ ಎಚ್ಚರಕ್ಕೆ ಕಾರಣ. ಇಂಥ ಕಡೆ ಅನುವಾದಕ ಒಂದು ವಾಕ್ಯ ಹೆಚ್ಚಿಗೆ ಬರೆದು, ಯಾರಿಗೆ ಏನಾಯಿತು ಎಂದು ಹೇಳಲೇಬೇಕು.

ಈ ತೀರ್ಮಾನಗಳನ್ನು ಯಾರು ಮಾಡಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಒಂದು ಉದಾಹರಣೆ ನೋಡಿ: ಕುರಕುಂಭದಿಂದ ದೌಂಡ್ ದಾಟಿದರೆ ಭೀಮಾ ನದಿಯ ದಂಡೆಗೆ ಪೇಡಗಾಂವ್‌ನ ಬಹಾದ್ದೂರಗಡ ಇದೆ. 1689ರಲ್ಲಿ ಸೆರೆಸಿಕ್ಕ ಸಂಭಾಜಿ ಮಹಾರಾಜರನ್ನು ಔರಂಗಜೇಬನ ಮುಂದೆ ತಂದು ನಿಲ್ಲಿಸಿದ್ದು ಅಲ್ಲಿ. ಅವರ ಬಗೆಗಿನ ಇಂಗ್ಲಿಷ್ ವಿಕಿಪೀಡಿಯ ಲೇಖನದಲ್ಲಿ ಆಕ್ಷೇಪಾರ್ಹ ಸಂಗತಿಗಳಿವೆಯೆಂದು 2025ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಸೈಬರ್ ಪೊಲೀಸರು ಅವನ್ನು ತೆಗೆಯಲು ಸೂಚಿಸಿ, ಸಂಪಾದಕರ ಮೇಲೆ ಪ್ರಕರಣ ದಾಖಲಿಸಿದರು. 2004ರ ಜನವರಿ 5ರಂದು ಪುಣೆಯ ಭಂಡಾರ್ಕರ್ ಸಂಸ್ಥೆಗೆ ಗುಂಪೊಂದು ನುಗ್ಗಿ ಹಸ್ತಪ್ರತಿಗಳನ್ನು ಹಾಳುಮಾಡಿದ್ದೂ ಒಂದು ಪುಸ್ತಕದ ಮೇಲಿನ ಸಿಟ್ಟಿಗೆ. ಒಂದು ವಾಕ್ಯ ತಪ್ಪಾಗಿದ್ದರೆ ತಪ್ಪೆಂದು ತೋರಿಸುವ ದಾರಿ ವಿಶ್ವಕೋಶದಲ್ಲಿ ಎಲ್ಲರಿಗೂ ತೆರೆದಿದೆ. ಆಕರ ತನ್ನಿ, ಚರ್ಚಿಸಿ, ತಿದ್ದಿ. ಪೊಲೀಸರ ನೋಟಿಸಿಗೆ ಆಕರ ಕೊಡುವ ಕರ್ತವ್ಯವಿಲ್ಲ, ಅದಕ್ಕೆ ಎದುರು ಬರೆಯುವ ಜಾಗವೂ ಇಲ್ಲ. ನಾಳೆ ಕನ್ನಡದ ಒಬ್ಬ ಸಂಪಾದಕಿ ಸ್ವಸ್ತಿಕದ ಲೇಖನದಲ್ಲಿ ಆರ್ಯವಾದದ ಇತಿಹಾಸವನ್ನು ಆಧಾರ ಸಮೇತ ಬರೆದರೆ, ಭಾವನೆಗೆ ಧಕ್ಕೆಯಾಯಿತೆಂದು ಯಾರಾದರೂ ಠಾಣೆಗೆ ಹೋಗಬಹುದು. ಆಗ ನಾವು ಆಕೆಯ ಪರ ನಿಲ್ಲಬೇಕು.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು, ಲೇಖನಗಳ ಸಂಖ್ಯೆ ಮೂವತ್ತು ಸಾವಿರ ದಾಟಿದೆ. ದುಡಿಯುವ ಕೈಗಳು ಕಡಿಮೆ. 2010ರ ಆಸುಪಾಸಿನಲ್ಲಿ ಗೂಗಲ್ ಕೂಲಿ ಕೊಟ್ಟು ಇಂಗ್ಲಿಷಿನಿಂದ ಮಾಡಿಸಿದ ಅನುವಾದಗಳು ರಾಶಿ ರಾಶಿ ಬಂದು ಸೇರಿದವು. ಅವುಗಳ ಕನ್ನಡವನ್ನು ತಿದ್ದುವ ಹೊರೆ ಸ್ವಯಂಸೇವಕರ ಮೇಲೆ ಬಿತ್ತು. ಅದಕ್ಕೂ ಮೊದಲು ಶಿವರಾಮ ಕಾರಂತರು ಒಬ್ಬರೇ ಕೂತು ಬಾಲಪ್ರಪಂಚ, ವಿಜ್ಞಾನ ಪ್ರಪಂಚಗಳನ್ನು ಕಟ್ಟಿದ್ದರು, ಮೈಸೂರು ವಿಶ್ವವಿದ್ಯಾಲಯ ಹದಿನಾಲ್ಕು ಸಂಪುಟಗಳ ವಿಶ್ವಕೋಶ ತಂದಿತ್ತು. ಈಗಿನ ವ್ಯತ್ಯಾಸವೆಂದರೆ, ಇಂದು ವಿಕಿಪೀಡಿಯದಲ್ಲಿ ಬಿದ್ದ ಪದ ಶಾಲೆಯ ಪ್ರಾಜೆಕ್ಟಿಗೂ ಪತ್ರಿಕೆಯ ಕೋಣೆಗೂ ಭಾಷೆ ಕಲಿಯುವ ಯಂತ್ರಗಳಿಗೂ ಒಂದೇ ದಿನ ಹೋಗಿ ತಲುಪುತ್ತದೆ. ಹಿಂತೆಗೆಯುವುದು ಕಷ್ಟ.

ಆದ್ದರಿಂದ ಒಂದು ಲೇಖನಕ್ಕೆ ನನ್ನ ಸೂಚನೆಯನ್ನು ಇಲ್ಲಿಯೇ ಇಡುತ್ತೇನೆ. ಶೀರ್ಷಿಕೆ: ನಾಜಿ ಜರ್ಮನಿಯಲ್ಲಿ ರೋಗಿಗಳ ಮತ್ತು ವಿಕಲಚೇತನರ ಸಾಮೂಹಿಕ ಕೊಲೆ. ಮೊದಲ ವಾಕ್ಯ: 1939ರಿಂದ 1945ರ ನಡುವೆ ನಾಜಿ ಸರ್ಕಾರ ಆಸ್ಪತ್ರೆ ಮತ್ತು ಆಶ್ರಯಧಾಮಗಳಲ್ಲಿದ್ದ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಅವರ ಒಪ್ಪಿಗೆಯಿಲ್ಲದೆ ವೈದ್ಯರ ಕೈಯಿಂದ ಕೊಲ್ಲಿಸಿ, ಅದನ್ನು ದಯೆಯ ಮರಣವೆಂದು ಕರೆಯಿತು. ಇದಕ್ಕಿಂತ ಖಚಿತವಾದ ವಾಕ್ಯ ಯಾರಿಗಾದರೂ ಹೊಳೆದರೆ, ಆಕರ ಸಮೇತ ತಂದರೆ, ಅದೇ ಉಳಿಯಲಿ.